ಹೌದು, ಇಲ್ಲ ಮತ್ತು ಮೂರನೆಯ ಗುಂಡಿ

ಮೊದಲ ಸಲ ಕೇಳಿದಾಗಲೇ ನಾನು "ಹೌದು" ಎಂದದ್ದು ಬಹುಕಾಲದವರೆಗೆ ಒಂದೇ ಒಂದು ಬಾರಿ, ಅದೂ ನನ್ನ ನಿಕಾಹ್‌ನ ದಿನ. ಅಲ್ಲಿಯೂ, ನಿಜ ಹೇಳುತ್ತೇನೆ, ಮಾವನವರು ನನ್ನ ಕೈ ಹಿಡಿದು ಮಗಳನ್ನು ಒಪ್ಪಿಸುವ ಮಾತು ಮುಗಿಸಿದಾಗ ಅಭ್ಯಾಸಬಲದಿಂದ ಒಂದು ಕ್ಷಣ ಸುಮ್ಮನಾದೆ. ಎದುರಿನವರು ಇನ್ನೇನಾದರೂ ಸೇರಿಸುತ್ತಾರೋ ಎಂದು ಕಾಯುವ ಆ ಒಂದು ಕ್ಷಣ ವ್ಯಾಪಾರಿಗೆ ಉಸಿರಾಟವಿದ್ದಂತೆ, ತಡೆಯಲು ಬರುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ನನ್ನ ಸೋದರಮಾವ ನನ್ನನ್ನು ಚೆನ್ನಾಗಿ ಬಲ್ಲವರು. ತೊಡೆ ಚಿವುಟಿದರು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಈವರೆಗೆ ಪಶ್ಚಾತ್ತಾಪವಿಲ್ಲ ಎಂಬುದನ್ನೂ ಇಲ್ಲೇ ಬರೆದಿಡುತ್ತೇನೆ, ಯಾಕೆಂದರೆ ಮೈಮುನಾ ಇದನ್ನು ಓದುತ್ತಾಳೆ.

ಉಳಿದಂತೆ ನನ್ನ ಬದುಕೆಲ್ಲ "ಇಲ್ಲ"ದಿಂದಲೇ ಶುರುವಾಗುತ್ತದೆ. ಕಸುಬೇ ಅಂಥದು. ದುಬೈ, ಅಬುಧಾಬಿಗಳಲ್ಲಿ ಮುಚ್ಚುವ ಹೋಟೆಲುಗಳಿಂದ ಅಡುಗೆಮನೆಯ ಸಾಮಾನು ಕೊಂಡು, ತೆರೆಯುವ ಹೋಟೆಲುಗಳಿಗೆ ಮಾರುತ್ತೇನೆ. ಹಿಟ್ಟು ನಾದುವ ಯಂತ್ರ, ಶವರ್ಮಾ ತಿರುಗಿಸುವ ಕಂಬ, ಆಳೆತ್ತರದ ಫ್ರೀಜರು. ಈ ಊರಲ್ಲಿ ಬಾಗಿಲು ಹಾಕುವವರೂ ರಿಬ್ಬನ್ ಕತ್ತರಿಸುವವರೂ ಅಕ್ಕಪಕ್ಕದ ಬೀದಿಯಲ್ಲೇ ಇರುತ್ತಾರೆ. ಒಂದೇ ಫ್ರೀಜರನ್ನು ನಾನು ಬೇರೆ ಬೇರೆ ಕನಸುಗಾರರಿಗೆ ಮತ್ತೆ ಮತ್ತೆ ಮಾರಿದ್ದುಂಟು. ಆ ಫ್ರೀಜರಿಗೆ ಈಗ ನನ್ನ ಗುರುತು ಹತ್ತುತ್ತದೆ ಎಂದು ನನ್ನ ಅನುಮಾನ.

ಚೌಕಾಸಿಯ ವಿದ್ಯೆಯನ್ನು ನಾನು ಯಾರಿಗೂ ಮುಚ್ಚಿಟ್ಟವನಲ್ಲ. ನಿಮಗೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ಎದುರಿನವನು ಮೊದಲು ಹೇಳಿದ್ದಕ್ಕೆ ಇಲ್ಲ ಎನ್ನಬೇಕು. ಅದು ಅವನ ಬೆಲೆಯೇ ಅಲ್ಲ, ಬರೀ ಕೆಮ್ಮು. ಎರಡನೆಯದಕ್ಕೆ ಸುಮ್ಮನಿರಬೇಕು. ಆಮೇಲೆ ಎದ್ದು ಹೊರಡಬೇಕು, ಆದರೆ ನಿಧಾನವಾಗಿ. ಬಾಗಿಲ ಹತ್ತಿರ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳಬೇಕು. ಲೇಸು ಬಿಚ್ಚಿರಬೇಕೆಂದೇನೂ ಇಲ್ಲ. ಅವನು ಹಿಂದೆ ಕರೆಯಲು ಬೇಕಾದಷ್ಟು ಸಮಯ ಕೊಡುವುದು ನಮ್ಮ ಸೌಜನ್ಯ. ಈ ಒಂದು ಕಾರಣಕ್ಕೆ ನಾನು ಈ ಸುಡುಬಿಸಿಲಿನಲ್ಲೂ ಚಪ್ಪಲಿ ಬಿಟ್ಟು ಲೇಸಿನ ಬೂಟು ಹಾಕುತ್ತೇನೆ.

ಇಷ್ಟು ವಿದ್ಯೆಯಿದ್ದವನ ಮನೆಗೆ ಒಂದು ದಿನ ಲ್ಯಾಪ್‌ಟಾಪು ಬಂತು.

ಅದನ್ನು ಸಿದ್ಧಪಡಿಸಿಕೊಟ್ಟ ಹುಡುಗ, ಇದರ ಅಡ್ಮಿನಿಸ್ಟ್ರೇಟರ್ ಯಾರು ಎಂದು ಕೇಳಿದ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಅಂಥ ದೊಡ್ಡ ಪದ ಅದಕ್ಕೆ ಮೊದಲು ಕೇಳಿಬಂದಿರಲಿಲ್ಲ. ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕುಳಿತು, ನಾನೇ ಎಂದೆ. ಮೈಮುನಾಗೂ ಮಗಳು ಶಮಾಳಿಗೂ ಸೇರಿ ಒಂದು ಸಾಮಾನ್ಯ ಖಾತೆಯಾಯಿತು. ಅವರು ಏನೇ ಹೊಸದನ್ನು ಹಾಕಬೇಕಾದರೂ ನನ್ನ ಪಾಸ್‌ವರ್ಡು ಬೇಕು. ಪಾಸ್‌ವರ್ಡನ್ನು ಗೋಡೆಯ ಕಡೆ ತಿರುಗಿ ಯೋಚಿಸಿ, ಎರಡೂ ಕೈಯ ಬೆರಳಾಡಿಸಿ, ಯಾರಿಗೂ ಕಾಣದಂತೆ ಒತ್ತಿದೆ.

ಅದೇ ಸಂಜೆ ನಾನು ಏನನ್ನೋ ಇಳಿಸಿಕೊಳ್ಳಲು ಹೋದೆ. ಇದ್ದಕ್ಕಿದ್ದಂತೆ ಪರದೆ ಮಂಕಾಯಿತು. ನಾಟಕ ಶುರುವಾಗುವ ಮೊದಲು ಸಭಾಂಗಣದ ದೀಪ ಆರಿಸುತ್ತಾರಲ್ಲ, ಹಾಗೆ. ನಡುವಿನಲ್ಲಿ ಒಂದು ಚೌಕ ಮಾತ್ರ ಬೆಳಗಿತು. ಇಂಥ ತಂತ್ರಾಂಶವು ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಬಯಸುತ್ತದೆ, ಅನುಮತಿಸುತ್ತೀರಾ ಎಂದು ಅದರ ಪ್ರಶ್ನೆ. ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿಗಳು.

ನಾನು ರೋಮಾಂಚನಗೊಂಡೆ. ನಗಬೇಡಿ. ಈ ದೇಶಕ್ಕೆ ಬಂದಂದಿನಿಂದ ಅನುಮತಿ ಕೇಳುವವನು ನಾನು. ವೀಸಾಕ್ಕೆ ಕೇಳಿದ್ದೇನೆ, ಅಂಗಡಿಯ ಲೈಸೆನ್ಸಿಗೆ ಕೇಳಿದ್ದೇನೆ, ಗೋದಾಮಿನ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಆಕ್ಷೇಪಣೆಯಿಲ್ಲವೆಂಬ ಪತ್ರ ಕೇಳಿದ್ದೇನೆ. ಈ ಊರಲ್ಲಿ ಕೆಲಸ ಸುಸೂತ್ರವಾಗಿ ಸಾಗುವುದೇ ಹಾಗೆ ಕೇಳಿ ಕೊಟ್ಟು ಮಾಡುವುದರಿಂದ, ನನಗೇನೂ ದೂರಿಲ್ಲ. ಆದರೆ ನನ್ನನ್ನೇ ಯಾರಾದರೂ ಅನುಮತಿ ಕೇಳಿದ್ದು, ಅದೂ ಊರಿನ ದೀಪವೆಲ್ಲ ತಗ್ಗಿಸಿ ಕೇಳಿದ್ದು, ಅದೇ ಮೊದಲು. ಅದನ್ನು ತುಸು ಹೊತ್ತು ಹಾಗೇ ನಿಲ್ಲಿಸಿಟ್ಟು ಎರಡು ಗುಟುಕು ಚಾ ಕುಡಿದೆ. ಅದು ನಿಂತೇ ಇತ್ತು. ಎಂಥ ವಿನಯ.

ಚಿಕ್ಕಂದಿನಲ್ಲಿ ಬಂಟ್ವಾಳದ ಕಡೆಯ ಗದ್ದೆಗಳಲ್ಲಿ ಯಕ್ಷಗಾನ ನೋಡಿದ್ದೇನೆ. ವೇಷ ಎಷ್ಟೇ ದೊಡ್ಡದಿರಲಿ, ಕಿರೀಟ ಎಷ್ಟೇ ಎತ್ತರವಿರಲಿ, ರಂಗಕ್ಕೆ ಬಂದ ಕೂಡಲೇ ಭಾಗವತರು ತಾಳ ಹಿಡಿದುಕೊಂಡು, ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರ್ಯವೇನು ಎಂದು ವಿಚಾರಿಸುತ್ತಾರೆ. ಮೂರು ಲೋಕ ಗೆದ್ದವನೂ ನಿಂತು ಉತ್ತರ ಹೇಳಬೇಕು. ಈ ಚೌಕವೂ ಅಂಥದೇ. ಬಂದವರ ಹೆಸರು, ಎಲ್ಲಿಂದ ಬಂದರು, ಯಾರ ಕಡೆಯವರು, ಎಲ್ಲ ಬರೆದಿರುತ್ತದೆ. ಕೆಲವೊಮ್ಮೆ "ಗೊತ್ತಿಲ್ಲದವರು" ಎಂದು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಅಂಥವರನ್ನು ಬಾಗಿಲಲ್ಲೇ ನಿಲ್ಲಿಸಿ, ಇದು ನನ್ನ ಎರಡನೆಯ ಸಲಹೆ.

ಆದರೆ ನನಗೆ ಒಂದು ಕೊರತೆ ಕಂಡಿತು. ಗುಂಡಿ ಎರಡೇ. ಚೌಕಾಸಿಗೆ ಮೂರನೆಯ ಗುಂಡಿ ಇರಲಿಲ್ಲ. "ನೋಡುವ", ಅಥವಾ "ಸ್ವಲ್ಪ ಕಡಿಮೆ ಬದಲಾವಣೆ ಮಾಡಿಕೊಳ್ಳಿ", ಅಥವಾ ಕನಿಷ್ಠ "ನಿಮ್ಮ ಕೊನೆಯ ಮಾತು ಹೇಳಿ" ಎಂದಾದರೂ ಬೇಡವೇ? ಇಡೀ ಪರದೆ ತಡಕಿದೆ. ಇಲ್ಲ. ಹಾಗಾದರೆ ಇದ್ದುದರಲ್ಲೇ ವ್ಯಾಪಾರ ಮಾಡಬೇಕಷ್ಟೆ ಎಂದುಕೊಂಡು, ಕಸುಬಿನ ನಿಯಮದಂತೆ ಮೊದಲ ಮಾತಿಗೆ "ಇಲ್ಲ" ಒತ್ತಿದೆ.

ಚೌಕ ಮಾಯವಾಯಿತು. ಮರುದಿನ ಮತ್ತೆ ಬಂತು. ನೋಡಿದಿರಾ, ಹಿಂದೆ ಕರೆಯಿತು. ಮತ್ತೆ "ಇಲ್ಲ" ಒತ್ತಿದೆ. ಇನ್ನೂ ಇಳಿಯುತ್ತದೆ ಎಂಬ ಭರವಸೆ ನನಗಿತ್ತು.

ಶಮಾ ಹನ್ನೆರಡನೆಯ ತರಗತಿಯವಳು, ಮನೆಯಲ್ಲಿ ನಾವು ಬ್ಯಾರಿ ಭಾಷೆಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ನನ್ನ ಭುಜದ ಮೇಲಿಂದ ಇಣುಕಿ, "ಉಪ್ಪಾ, ಇಟ್ಸ್ ನಾಟ್ ಎ ನೆಗೋಶಿಯೇಷನ್" ಎಂದಳು. ಅನುಭವವಿಲ್ಲದ ಮಕ್ಕಳು ಹಾಗೆ ಹೇಳುತ್ತಾರೆ. ಕೆಲವು ದಿನಗಳಲ್ಲೇ ಮನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ತಾಯಿಗೋ ಮಗಳಿಗೋ ಏನಾದರೂ ಹಾಕಿಕೊಳ್ಳಬೇಕಾದರೆ ನನ್ನನ್ನು ಕರೆಯಬೇಕು. ನಾನು ಸೋಫಾದಿಂದಲೇ, ಎಂತಕ್ಕೆ, ಈಗಲೇ ಬೇಕಾ ಎಂದು ವಿಚಾರಿಸುತ್ತೇನೆ. ಅಷ್ಟರಲ್ಲಿ ಚಾ ಬರುತ್ತದೆ. ಚಾದ ಜೊತೆ ಕೆಲವೊಮ್ಮೆ ಬಿಸಿ ಬಿಸಿ ಪೋಡಿಯೂ, ಅಂದರೆ ನಮ್ಮ ಕಡೆಯ ಬಜ್ಜಿಯೂ, ಬರುತ್ತದೆ. ಬಂದು ನೋಡಿ, ತಲೆಯಾಡಿಸಿ, ಕೆಲವಕ್ಕೆ ಪಾಸ್‌ವರ್ಡು ಕೊಡುತ್ತೇನೆ, ಹೆಚ್ಚಿನವನ್ನು ಮರುದಿನಕ್ಕೆ ಇಡುತ್ತೇನೆ. ಕಚೇರಿಗಳಲ್ಲಿ ಗಾಜಿನ ಆಚೆ ಕೂರುವವರ ಮುಖದಲ್ಲಿ ಯಾಕೆ ಅಷ್ಟು ಶಾಂತಿ ಇರುತ್ತದೆ ಎಂದು ನನಗೆ ಆಗ ಅರ್ಥವಾಯಿತು.

ಈಗ ಮೈಮುನಾಳ ಹೊಲಿಗೆಯ ವಿಷಯ. ಮುಚ್ಚುತ್ತಿದ್ದ ಒಂದು ಹೋಟೆಲಿನ ಮೇಲ್ಮಹಡಿಯ ಟೈಲರ್ ಅಂಗಡಿಯೂ ಮುಚ್ಚುತ್ತಿತ್ತು. ಅಲ್ಲಿಂದ ಒಂದು ಕಸೂತಿ ಯಂತ್ರ ತಂದುಕೊಟ್ಟಿದ್ದೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ಆರಿಸಿದರೆ ಯಂತ್ರ ತಾನೇ ಬಟ್ಟೆಯ ಮೇಲೆ ಹೊಲಿಯುತ್ತದೆ. ಅವಳು ಮೊದಲು ದಿಂಬಿನ ಮೇಲೆ ಹೂ ಹಾಕಿದಳು, ಆಮೇಲೆ ಕಿಟಕಿಯ ಪರದೆಗೆ, ಆಮೇಲೆ ನನ್ನ ಕರವಸ್ತ್ರಕ್ಕೆ. ಬಂಧುಗಳು ಹೊಗಳಿ ಪುಕ್ಕಟೆ ಮಾಡಿಸಿಕೊಂಡರು. ಹೀಗಿರುವಾಗ ಊದ್ ಮೇಥಾದ ಶಾಲೆಯೊಂದರಲ್ಲಿ ನೃತ್ಯ ಕಲಿಸುವ, ಮಂಗಳೂರಿನ ಕಡೆಯ ಲೋಬೋ ಟೀಚರ್ ಮನೆ ಹುಡುಕಿಕೊಂಡು ಬಂದರು. ವಾರ್ಷಿಕೋತ್ಸವಕ್ಕೆ ನವಿಲು ನೃತ್ಯವಿದೆ, ಮಕ್ಕಳ ಲಂಗಗಳ ಮೇಲೆಲ್ಲ ಗರಿ ಬಿಚ್ಚಿದ ನವಿಲು ಬೇಕು ಎಂದರು. ಹೊರಗಿನವರಿಂದ ಮೈಮುನಾಗೆ ಬಂದ ಮೊದಲ ಕೆಲಸ. ಟೀಚರ್ ಹೋದ ಮೇಲೆ ಅವಳು ಬಾಗಿಲು ಹಾಕಿ, ಅಲ್ಲೇ ಬಾಗಿಲಿಗೆ ಒರಗಿ ನಿಂತು ಒಬ್ಬಳೇ ನಕ್ಕಳು. ಆ ನಗುವನ್ನು ನಾನು ಅಡುಗೆಮನೆಯಿಂದ ನೋಡಿದೆ, ನೋಡಿಲ್ಲವೆಂಬಂತೆ ಇದ್ದೆ. ಈ ಕೆಲಸ ಚೆನ್ನಾಗಿ ಆದರೆ ಶಾಲೆಯ ಉಳಿದ ಟೀಚರುಗಳೂ ಬರುತ್ತಾರೆ, ಕೆಟ್ಟರೆ ಮತ್ತೆ ನನ್ನ ಕರವಸ್ತ್ರಗಳೇ ಗತಿ. ಇದು ಅವಳಿಗೂ ಗೊತ್ತಿತ್ತು, ನನಗೂ.

ಸಲಹೆ ಕೊಡದೆ ಇರುವುದು ನನ್ನಿಂದಾಗುವುದಿಲ್ಲ. ಒಂದೊಂದೇ ಲಂಗ ಮುಗಿಸುತ್ತ ಪ್ರತಿ ಸಲ ದಾರ ಬದಲಿಸುವುದು ದಂಡ, ಮೊದಲು ಎಲ್ಲ ಲಂಗಗಳಿಗೂ ನೀಲಿ ದಾರದಲ್ಲಿ ನವಿಲಿನ ಮೈ ಹಾಕು, ಆಮೇಲೆ ಹಸಿರು ದಾರ ಪೋಣಿಸಿ ಎಲ್ಲದಕ್ಕೂ ಒಟ್ಟಿಗೆ ಗರಿ ಹಾಕು ಎಂದೆ. ಒಳ್ಳೆಯ ಸಲಹೆಯೇ. ಅವಳು ಗರಿ ಬರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಟ್ಟು, ಮೈಗಳನ್ನು ಮುಗಿಸಿದಳು.

ಈ ನಡುವೆ ಕಸೂತಿಯ ತಂತ್ರಾಂಶ ಹಲವು ಸಲ ಬಾಗಿಲು ತಟ್ಟಿತ್ತು. ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು. ಪ್ರತಿ ಸಲ ಮೈಮುನಾ ಕರೆದಳು, ಪ್ರತಿ ಸಲ ಚಾ ಬಂತು, ಪ್ರತಿ ಸಲ ನಾನು ಬಂದು "ಇಲ್ಲ" ಒತ್ತಿ ಹೋದೆ. ಇಷ್ಟು ಸಲ ಹಿಂದೆ ಕರೆಯುತ್ತಿದ್ದಾರೆಂದರೆ ಅವರಿಗೆ ಗರಜು ಹೆಚ್ಚು, ಇನ್ನು ಸ್ವಲ್ಪ ತಡೆದರೆ ಏನಾದರೂ ಸೇರಿಸಿ ಕೊಡುತ್ತಾರೆ ಎಂದು ಅವಳಿಗೆ ವಿವರಿಸಿದ್ದೆ.

ವಾರ್ಷಿಕೋತ್ಸವದ ಹಿಂದಿನ ದಿನ ನಾನು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿದ್ದೆ. ತಲಶ್ಶೇರಿಯ ಹಂಸ ಎಂಬವನ ಕೆಫೆಟೇರಿಯಾ ಮುಚ್ಚುತ್ತಿತ್ತು. ಅವನ ಹಿಟ್ಟು ನಾದುವ ಯಂತ್ರದ ಮೇಲೆ ನನಗೆ ಬಹಳ ದಿನದಿಂದ ಕಣ್ಣು. ಅವನು ಬೆಲೆ ಹೇಳಿದ, ಇಲ್ಲ ಎಂದೆ. ಮತ್ತೊಂದು ಹೇಳಿದ, ಸುಮ್ಮನಿದ್ದೆ. ಆಮೇಲೆ ಎದ್ದು, ನಿಧಾನವಾಗಿ ಬಾಗಿಲಿಗೆ ಬಂದು, ಬಗ್ಗಿ ಲೇಸಿಗೆ ಕೈ ಹಾಕಿದೆ. ಆಗ ಫೋನು ಹೊಡೆಯಿತು.

"ನೋಡಿ, ನವಿಲುಗಳಿಗೆ ಗರಿ ಬರುವುದಿಲ್ಲವಂತೆ" ಎಂದಳು ಮೈಮುನಾ.

ಬೆಳಿಗ್ಗೆ ಹಸಿರು ದಾರ ಪೋಣಿಸಿ ಕುಳಿತವಳಿಗೆ ತಂತ್ರಾಂಶ ತೆರೆಯಲೇ ಇಲ್ಲ. ಹಳೆಯ ಆವೃತ್ತಿಯ ಅವಧಿ ಮುಗಿದಿತ್ತು. ಹೊಸದನ್ನು ಹಾಕಬೇಕಾದರೆ ಅಡ್ಮಿನಿಸ್ಟ್ರೇಟರರ ಪಾಸ್‌ವರ್ಡು ಬೇಕು ಎಂದು ನನ್ನ ಹೆಸರು ತೋರಿಸಿ ನಿಂತಿತ್ತು. ಸೋಫಾದ ಮೇಲೆ, ಊಟದ ಮೇಜಿನ ಮೇಲೆ, ಬಾಲ್ಕನಿಯ ಹಗ್ಗದ ಮೇಲೆ, ಎಲ್ಲೆಲ್ಲೂ ಗರಿಯಿಲ್ಲದ ನವಿಲುಗಳು. ಗರಿಯಿಲ್ಲದಿದ್ದರೆ ನವಿಲು ಎಂತದು, ನೀಲಿ ಕೋಳಿ. ನಾಳೆ ಸಂಜೆ ಮಕ್ಕಳು ಕೋಳಿ ನೃತ್ಯ ಮಾಡಬೇಕಾಗುತ್ತದೆ ಎಂದು ಶಮಾ ಹಿಂದಿನಿಂದ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ಪಾಸ್‌ವರ್ಡ್ ಹೇಳಿ."

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಇದು ನಿಮಗೂ ಆಗಿರಬಹುದು. ದಿನವೂ ಒತ್ತಿ ಒತ್ತಿ ಪಾಸ್‌ವರ್ಡು ತಲೆಯಿಂದ ಇಳಿದು ಕೈಗೆ ಹೋಗಿರುತ್ತದೆ.

"ಅದು ಬಾಯಲ್ಲಿ ಇಲ್ಲ ಮಾರಾಯ್ತಿ, ಬೆರಳಲ್ಲಿ ಉಂಟು."

"ಹಾಗಾದ್ರೆ ಬೆರಳನ್ನು ಕಳಿಸಿ" ಎಂದಳು ಅವಳು. ಸಿಟ್ಟು ಬಂದಾಗ ಮೈಮುನಾಳ ದನಿ ಏರುವುದಿಲ್ಲ, ಇಳಿಯುತ್ತದೆ. ಇದು ನಾನು ನನ್ನ ಯಾವ ಗಿರಾಕಿಯಲ್ಲೂ ಕಾಣದ ತಂತ್ರ.

ಹಂಸನ ಕೌಂಟರಿನ ಮೇಲೆಯೇ ಕೈಯಿಟ್ಟು, ಕಣ್ಣು ಮುಚ್ಚಿ, ಬೆರಳಾಡಿಸಿ ನೋಡಿದೆ. ಬೆರಳು ಓಡಿತು. ಯಾವ ಅಕ್ಷರದ ಮೇಲೆ ಓಡಿತೆಂದು ಕೌಂಟರು ಹೇಳಲಿಲ್ಲ. ಅಂದಾಜಿನಿಂದ ಒಂದೆರಡು ಹೇಳಿದೆ, ತಪ್ಪಾಯಿತು. ಶಮಾ ನನ್ನ ಖಾತೆಯ ಬಾಗಿಲಿಗೇ ಹೋಗಿ, ಮರೆತವರಿಗೆಂದು ನಾನೇ ಹಿಂದೆ ಬರೆದಿಟ್ಟಿದ್ದ ಸುಳಿವನ್ನು ತೆಗೆದು ಓದಿದಳು. "ನಂಗೆ ಗೊತ್ತುಂಟು" ಎಂದಿತ್ತು. ಅಷ್ಟೇ. ಫೋನಿನ ಆ ಕಡೆ ಯಾರೋ ಕುರ್ಚಿಯಿಂದ ಜಾರಿ ಬಿದ್ದು ನಗುವ ಸದ್ದು ಕೇಳಿಸಿತು.

ಹೊರಡಲೇಬೇಕು. ತಿರುಗಿ ಹಂಸನ ಮುಂದೆ ನಿಂತು, "ನೀನು ಮೊದಲು ಹೇಳಿದ ಬೆಲೆಗೇ ಆಯ್ತು, ಖಲಾಸ್, ನಾಳೆ ಗಾಡಿ ಕಳಿಸ್ತೇನೆ" ಎಂದೆ. ಹಂಸ ಗಲ್ಲಾಪೆಟ್ಟಿಗೆಯಿಂದ ಕೈ ತೆಗೆದ. ನನ್ನನ್ನು ನೋಡಿದ, ಯಂತ್ರವನ್ನು ನೋಡಿದ. ನೀರು ಬೇಕೇ, ಎದೆಯೇನಾದರೂ ನೋಯುತ್ತಿದೆಯೇ ಎಂದು ಕೇಳಿದ. ಆಮೇಲೆ ಅವನ ಮುಖದಲ್ಲಿ ಇನ್ನೊಂದು ಅನುಮಾನ ಮೂಡಿತು. ಇಂಥವನು ಹೇಳಿದ ಬೆಲೆಗೇ ಒಪ್ಪುತ್ತಾನೆಂದರೆ ಈ ಯಂತ್ರದಲ್ಲಿ ತನಗೆ ಗೊತ್ತಿಲ್ಲದ್ದು ಏನೋ ಇದೆ. ಯೋಚಿಸಿ ಹೇಳುತ್ತೇನೆ ಎಂದು ಯಂತ್ರದ ಮೇಲೆ ಬಟ್ಟೆ ಹೊದಿಸಿಬಿಟ್ಟ. ಎಚ್ಚರಿಕೆಯಿರಲಿ ಮಿತ್ರರೇ, ಅಭ್ಯಾಸವಿಲ್ಲದವನ "ಹೌದು" ಬಹಳ ಅಪಾಯದ ಸಾಮಾನು.

ದುಬೈ ದಾರಿಯಲ್ಲಿ ಕಾರು ಓಡಿಸುತ್ತ ಬೆರಳುಗಳನ್ನು ಸ್ಟಿಯರಿಂಗಿನ ಮೇಲೆ ಜೋಪಾನವಾಗಿ ಇಟ್ಟುಕೊಂಡಿದ್ದೆ, ಪಾಸ್‌ವರ್ಡು ಚೆಲ್ಲಿಹೋಗದಂತೆ. ಆಗ ಯಾಕೋ ಮದ್ರಸದ ಉಸ್ತಾದರು ನೆನಪಾದರು. ಯಾರ ಮನೆಗೆ ಹೋದರೂ ಹೊರಗೆ ನಿಂತು ಸಲಾಂ ಹೇಳಬೇಕು, ಮೂರು ಸಲ ಹೇಳಿಯೂ ಉತ್ತರ ಬಾರದಿದ್ದರೆ ಬೇಸರ ಮಾಡದೆ ಹಿಂದಿರುಗಬೇಕು ಎಂದು ಅವರು ಕಲಿಸಿದ್ದರು. ಹುಡುಗರಾದ ನಾವು ಮೂರನೆಯ ಸಲಾಮನ್ನು ಕಿರುಚಿಯೇ ಹೇಳುತ್ತಿದ್ದೆವು, ಆ ಮಾತು ಬೇರೆ. ಪಾಪ ಆ ತಂತ್ರಾಂಶವೂ ಬಾಗಿಲಲ್ಲಿ ನಿಂತು ಸಲಾಂ ಹೇಳುತ್ತಿತ್ತು, ಮೂರಲ್ಲ, ಅದಕ್ಕೂ ಹೆಚ್ಚು. ನಾನು ಅದನ್ನು ಬೆಲೆ ಎಂದುಕೊಂಡು ಒಳಗೆ ಕುಳಿತು ಕೊಸರುತ್ತಿದ್ದೆ. ಸಲಾಮಿಗೆ ಯಾರಾದರೂ ಚೌಕಾಸಿ ಮಾಡುತ್ತಾರೆಯೇ? ಅದಕ್ಕೆ ಉತ್ತರ ಕೊಡುವುದಷ್ಟೇ ಇರುವುದು.

ಮನೆ ತಲುಪಿದಾಗ ಬಿಸಿಲು ತಗ್ಗಿತ್ತು. ನೀಲಿ ಕೋಳಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಪರದೆ ಮಂಕಾಯಿತು, ಚೌಕ ಬೆಳಗಿತು. ಬೆರಳು ಎತ್ತಿದೆ. ಮೈಮುನಾ ಪರದೆಯ ಮುಂದೆ ಅಂಗೈ ಅಡ್ಡ ಹಿಡಿದಳು.

"ಮೊದಲು ಒಂದು ಮಾತು. ಇವತ್ತಿಂದ ಇದಕ್ಕೆ ಅಡ್ಮಿನ್ ನಾನು."

ಎಂಥ ಹೊತ್ತಿನಲ್ಲೂ ಕಸುಬು ಕೈಬಿಡುವುದಿಲ್ಲ ನೋಡಿ. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. "ಇಬ್ಬರೂ ಆಗುವ. ನೀನೂ ಅಡ್ಮಿನ್, ನಾನೂ ಅಡ್ಮಿನ್" ಎಂದೆ.

ಅವಳು ಏನೂ ಹೇಳಲಿಲ್ಲ. ಎದ್ದಳು. ಹಸಿರು ದಾರದ ಉಂಡೆ, ಬಟ್ಟೆ ಬಿಗಿಯುವ ಕಸೂತಿಯ ಬಳೆ, ಸೂಜಿ ತೆಗೆದುಕೊಂಡಳು. "ಗರಿ ಕೈಯಲ್ಲೇ ಹಾಕ್ತೇನೆ. ನಿಮ್ಮ ಅನುಮತಿಯನ್ನು ನೀವೇ ಇಟ್ಕೊಳ್ಳಿ" ಎಂದು ಒಳಕೋಣೆಯ ಕಡೆ ಹೊರಟಳು. ನಿಧಾನವಾಗಿ. ಬಾಗಿಲ ಹತ್ತಿರ ನಿಂತು, ಬಗ್ಗಿ, ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿಯನ್ನು ಸರಿಪಡಿಸಿಕೊಂಡಳು.

ರಬ್ಬರ್ ಚಪ್ಪಲಿಯಲ್ಲಿ ಸರಿಪಡಿಸಲು ಏನೂ ಇರುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಇಷ್ಟು ವರ್ಷ ಊಟಕ್ಕೆ ಕುಳಿತಾಗ ನಾನು ಹೇಳಿದ ವ್ಯಾಪಾರದ ಕತೆಗಳನ್ನೆಲ್ಲ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡವಳು ಎಂಥ ಗಿರಾಕಿಯಾಗಿ ಬೆಳೆದಿದ್ದಾಳೆ ಎಂದು ನನಗೆ ಭಯವೂ ಆಯಿತು, ಹೆಮ್ಮೆಯೂ ಆಯಿತು. ಆದರೆ ಅವಳ ಕೈಯಲ್ಲಿದ್ದ ಸೂಜಿ ನಿಜದ್ದು. ನಾನು ಕರೆಯದಿದ್ದರೆ ಅವಳು ಕೂತೇ ಬಿಡುತ್ತಾಳೆ, ಅಷ್ಟು ಗರಿ ಕೈಯಲ್ಲಿ ಮುಗಿಯುವುದಿಲ್ಲ, ನಾಳೆ ಟೀಚರ್ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾಳೆ. ಬಾಗಿಲಿಗೆ ಒರಗಿ ಅವಳು ನಕ್ಕಿದ್ದು ಕಣ್ಣ ಮುಂದೆ ಬಂತು.

"ಆಯ್ತು" ಎಂದೆ.

"ಎಂತ ಆಯ್ತು?"

"ನೀನು ಹೇಳಿದ್ದು."

"ಪೂರ್ತಿಯಾ?"

"ಪೂರ್ತಿ."

ಈ ಸಲ ತೊಡೆ ಚಿವುಟಲು ಯಾರೂ ಇರಲಿಲ್ಲ.

ಬೆರಳುಗಳು ತಮ್ಮ ಕೆಲಸ ಮಾಡಿದವು. ಹೊಸ ಆವೃತ್ತಿ ಚಕಚಕನೆ ಒಳಗೆ ಬಂದು ಕುಳಿತಿತು. ಇಷ್ಟು ದಿನ ಹೊರಗೆ ನಿಲ್ಲಿಸಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಯಂತ್ರ ಗಡಗಡ ಎಂದಿತು. ಮೊದಲನೆಯ ಕೋಳಿಗೆ ಹಸಿರು ಗರಿ ಮೂಡಿ ಅದು ನವಿಲಾದಾಗ ಶಮಾ ಶಿಳ್ಳೆ ಹಾಕಿದಳು. ಆ ಮೇಲೆ ನಾನು ಇಸ್ತ್ರಿ ಹಾಕಿದೆ, ಶಮಾ ಮಡಿಸಿದಳು. ಮಾರನೆಯ ಸಂಜೆ ಊದ್ ಮೇಥಾದ ವೇದಿಕೆಯ ಮೇಲೆ ಮಕ್ಕಳು ಗಿರಗಿರ ತಿರುಗಿದಾಗ ಗರಿಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡವು. ಒಂದು ಲಂಗದಲ್ಲಿ ಗರಿ ಸ್ವಲ್ಪ ಓರೆಯಾಗಿ ಕುಳಿತಿತ್ತು. ಆ ಹುಡುಗಿಯೇ ಎಲ್ಲರಿಗಿಂತ ಹೆಚ್ಚು ತಿರುಗಿದಳು. ಲೋಬೋ ಟೀಚರ್ ಮೈಮುನಾಳ ಕೈ ಹಿಡಿದುಕೊಂಡು ಬೇರೆ ಟೀಚರುಗಳ ಹತ್ತಿರ ಕರೆದುಕೊಂಡು ಹೋದರು. ನಾನು ದೂರದಲ್ಲಿ ಅವಳ ಪರ್ಸು ಹಿಡಿದುಕೊಂಡು ನಿಂತಿದ್ದೆ. ಆಗಲೇ ಹಂಸನ ಫೋನು ಬಂತು. ಯಂತ್ರದಲ್ಲಿ ಅಡಗಿರುವ ಗುಟ್ಟನ್ನು ಹುಡುಕಿ ಹುಡುಕಿ ಸುಸ್ತಾಗಿ, ಇರುವುದು ಏನೇ ಇರಲಿ, ಕಡಿಮೆ ಬೆಲೆಗೇ ಒಯ್ಯಿ ಎಂದ. ಈ ಪ್ರಪಂಚ ನನಗೆ ಪೂರ್ತಿ ಅರ್ಥವಾಗಿದೆ ಎಂದು ನಾನು ಇನ್ನು ಮುಂದೆ ಹೇಳುವುದಿಲ್ಲ.

ಈಗ ನಾನು ಸಾಮಾನ್ಯ ಬಳಕೆದಾರ. ಮೊನ್ನೆ ಗೋದಾಮಿಗೆಂದು ಹೊಸ ಪ್ರಿಂಟರು ತಂದು ಜೋಡಿಸಲು ಹೋದೆ. ಪರದೆ ಮಂಕಾಯಿತು. ಚೌಕದಲ್ಲಿ ಮೈಮುನಾಳ ಹೆಸರು ಬೆಳಗಿತು. ಅವಳ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ನೋಡಿದ್ದು ಮದುವೆಯ ಕಾಗದದಲ್ಲೇ ಕೊನೆ. ಒಳಗಿನಿಂದ ಕಸೂತಿ ಯಂತ್ರದ ಸದ್ದು ಬರುತ್ತಿತ್ತು. ಪಾಸ್‌ವರ್ಡ್ ಬೇಕಿತ್ತು ಎಂದು ಇಲ್ಲಿಂದಲೇ ಕೂಗಿದೆ. ಎಂತಕ್ಕೆ, ಈಗಲೇ ಬೇಕಾ ಎಂದು ಉತ್ತರ ಬಂತು.

ನಿಮಗೆ ಕೊನೆಯ ಸಲಹೆ ಕೊಟ್ಟು ಮುಗಿಸುತ್ತೇನೆ. ಇಂಥ ಹೊತ್ತಿನಲ್ಲಿ ವಾದಿಸಬೇಡಿ. ಎದ್ದು ಅಡುಗೆಮನೆಗೆ ಹೋಗಿ, ನೀರು ಕುದಿಯಲು ಇಡಿ. ನಾನು ಹಾಗೇ ಮಾಡಿದೆ. ಚಾದ ಲೋಟ ಹಿಡಿದು ಅವಳ ಕೋಣೆಯ ಬಾಗಿಲಲ್ಲಿ ನಿಂತು ಸಲಾಂ ಹೇಳಿದೆ. ಯಂತ್ರದ ಸದ್ದು ನಿಲ್ಲಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ, ಮದ್ರಸದ ಹುಡುಗನಂತೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಯಂತ್ರ ನಿಂತಿತು. ಅವಳು ತಿರುಗಲಿಲ್ಲ. ಸಲಾಮಿಗೆ ಉತ್ತರ ಕೊಟ್ಟು, ಒಂದು ಕ್ಷಣ ಸುಮ್ಮನಿದ್ದಳು. ಆ ಕ್ಷಣ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಕೇಳಿದಳು:

"ಪೋಡಿ ಇಲ್ವಾ?"